ಬೆಟ್ಟ ಉಳಿಸುವವರು ಕುರಿಗಾಹಿಯನ್ನೂ ಲೆಕ್ಕಕ್ಕೆ ತಗೊಳ್ಳಲಿ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಅಂದರೆ ಎಲ್ಲರೂ ಸರೋವರಗಳನ್ನೇ ಹೊಗಳುತ್ತಾರೆ. ನನಗೆ ಜಾಸ್ತಿ ಇಷ್ಟ ಅಲ್ಲಿನ ಬೋಳು ಬೆಟ್ಟಗಳು. ಬೆಟ್ಟ ಉಳಿಯಬೇಕಾದರೆ ಅಲ್ಲಿಂದ ಕುರಿಗಳನ್ನೇ ಖಾಲಿ ಮಾಡಿಸಿ ಅನ್ನುವವರಿದ್ದಾರೆ. ಮೇಲುಗಡೆಯ ಸಾಮೂಹಿಕ ಹುಲ್ಲುಗಾವಲಿನಲ್ಲಿ ಎಷ್ಟೋ ಕಡೆ ಬೇಲಿಯೇ ಇಲ್ಲ. ಆದರೂ ಒಬ್ಬರ ಕುರಿಹಿಂಡು ತನ್ನ ಜಾಗ ಬಿಟ್ಟು ದೂರ ಹೋಗುವುದು ಕಡಿಮೆ. ಯಾಕೆ ಗೊತ್ತಾ? ತಾಯಿ ಮೇಯುವಲ್ಲೇ ಮರಿಯೂ ಮೇಯುತ್ತದೆ. ನೀರು ಎಲ್ಲಿದೆ, ಗಾಳಿ ಎದ್ದರೆ ಯಾವ ಬಂಡೆಯ ಮರೆಗೆ ಹೋಗಬೇಕು ಅನ್ನುವುದನ್ನೆಲ್ಲ ತಾಯಿಯ ಹಿಂದೆ ಓಡಾಡುತ್ತಲೇ ಕಲಿಯುತ್ತದೆ. ಮುಂದೆ ಅದರ ಮರಿಗೂ ಅದೇ ಪಾಠ. ಅದಕ್ಕೇ ಅಲ್ಲಿ ಎಷ್ಟೋ ಕಡೆ ಗೇಣಿದಾರ ಬದಲಾದರೂ ಹಿಂಡು ಮಾತ್ರ ಆ ಜಮೀನಿನ ಜೊತೆಗೇ ಉಳಿಯುತ್ತದೆ.

2001ರಲ್ಲಿ ಕಾಲುಬಾಯಿ ರೋಗ ಬಂದು, ಲೇಕ್ ಡಿಸ್ಟ್ರಿಕ್ಟ್ ಇರುವ ಕಂಬ್ರಿಯಾ ಜಿಲ್ಲೆಯಲ್ಲಿ ಹಿಂಡುಗಟ್ಟಲೆ ಕುರಿಗಳನ್ನು ಕೊಲ್ಲಬೇಕಾಯಿತು. ದುಡ್ಡು ಕೊಟ್ಟರೆ ಬೇರೆ ಕುರಿ ಸಿಗುತ್ತದೆ, ನಿಜ. ಸಂತೆಯಿಂದ ತಂದ ಕುರಿಗೆ ಬೆಟ್ಟದ ಗುರುತು ಎಲ್ಲಿಂದ ಬರಬೇಕು? ಹಗಲೆಲ್ಲ ಕಾದು, ತಿರುತಿರುಗಿ ಓಡಿಸಿಕೊಂಡು ಬಂದು ಅದಕ್ಕೆ ಜಾಗ ಕಲಿಸಬೇಕು.

ಕಣಿವೆಯ ಕಲ್ಲುಗೋಡೆಗಳನ್ನೂ ನೋಡಿ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಎರಡು ಮುಖಗಳು ಮೇಲೆ ಹೋಗುತ್ತಾ ಒಂದಕ್ಕೊಂದು ವಾಲುತ್ತವೆ, ನಡುವೆ ಚೂರುಕಲ್ಲು ತುಂಬಿರುತ್ತಾರೆ. ಅಲ್ಲಲ್ಲಿ ಎರಡೂ ಮುಖಗಳನ್ನು ಕಚ್ಚಿ ಹಿಡಿಯುವ ಉದ್ದನೆಯ ಕಲ್ಲು. ಬುಡದಲ್ಲಿ ಕುರಿ ನುಸುಳುವಷ್ಟು ಕಿಂಡಿ! ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಕುರಿ ಸಾಕುವವರು ಹೋದರೆ ಬಿದ್ದ ಕಲ್ಲನ್ನು ಎತ್ತಿಡುವವರು ಯಾರು?

ಕುರಿ ಜಾಸ್ತಿಯಾದರೆ ಗಿಡ ಮೇಲೇಳುವುದಿಲ್ಲ, ಮಣ್ಣು ಕೊಚ್ಚಿ ಹೋಗುತ್ತದೆ ಅನ್ನುವವರ ಮಾತು ಸುಳ್ಳಲ್ಲ. ಕುರಿ ಕಡಿಮೆ ಮಾಡಿ, ತೊರೆಗಳ ಪಕ್ಕ ಬೇಲಿ ಹಾಕಿ ಮರ ಬೆಳೆಸಿ, ನಾನೂ ಒಪ್ಪುತ್ತೇನೆ. ಆದರೆ ಕುರಿಗಳನ್ನು ಪೂರ್ತಿ ಖಾಲಿ ಮಾಡಿಸಿ ಅನ್ನುವುದನ್ನು ಒಪ್ಪಲಾರೆ. 1951ರಲ್ಲೇ ಇದು ರಾಷ್ಟ್ರೀಯ ಉದ್ಯಾನವಾಯಿತು. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಸಾಂಸ್ಕೃತಿಕ ನೆಲ ಅಂತ. ಅಂದರೆ ಜನರ ದುಡಿಮೆಯನ್ನೂ ಸೇರಿಸಿಯೇ ಅಲ್ವಾ? 1943ರಲ್ಲಿ ತೀರಿಕೊಂಡ ಮಕ್ಕಳ ಕಥೆಗಾರ್ತಿ ಬೀಟ್ರಿಕ್ಸ್ ಪಾಟರ್ ಇಲ್ಲಿನ 4,000 ಎಕರೆಗೂ ಹೆಚ್ಚು ನೆಲವನ್ನು, ಹಳೆಯ ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದರು. ಅಲ್ಲಿ ಊರ ತಳಿಯಾದ ಹರ್ಡ್‌ವಿಕ್ ಕುರಿ ಮುಂದುವರಿಯಬೇಕು ಅನ್ನುವುದು ಅವರ ಆಸೆಯಾಗಿತ್ತು.

ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಇಂಗ್ಲೆಂಡ್ ಎಕರೆ ಲೆಕ್ಕದ ಸಹಾಯಧನವನ್ನು ಇಳಿಸುತ್ತಾ ಬಂದು 2023ರ ನಂತರ ನಿಲ್ಲಿಸಿ, ಪರಿಸರದ ಕೆಲಸಕ್ಕೆ ದುಡ್ಡು ಕೊಡುವ ಕಡೆ ತಿರುಗಿದೆ. ಒಳ್ಳೆಯದೇ. ಮರ ನೆಟ್ಟವರಿಗೆ ಕೊಡುವ ಹಾಗೆ, ಹಿಂಡಿಗೆ ಬೆಟ್ಟ ಕಲಿಸುವವರಿಗೂ ಗೋಡೆ ಕಟ್ಟುವವರಿಗೂ ಬದುಕು ನಡೆಯುವಷ್ಟು ಕೊಡಲಿ.