ನಮ್ಮ ಮುರಕಲ್ಲ ಪದವಿಗೊಂದು ಫಿರಂಗಿ ಮಂಜೂರಾಗಲಿ

ಚಿಟ್ಟೆಗೆ ಸರಕಾರಿ ಪಟ್ಟ ಸಿಗಬೇಕಾದರೆ ಮೊದಲು ಮೈಬಣ್ಣ ಚೆನ್ನಾಗಿರಬೇಕು. ಕರ್ನಾಟಕವು ಹಳದಿ ರೆಕ್ಕೆಯ ಸದರ್ನ್ ಬರ್ಡ್‌ವಿಂಗನ್ನು ರಾಜ್ಯ ಚಿಟ್ಟೆಯೆಂದಿತು, ಕೇರಳವು 2018ರಲ್ಲಿ ಮಿರುಗುವ ಬುದ್ಧಮಯೂರಿಯನ್ನು ಆರಿಸಿತು. ಇವೆರಡರ ನಡುವೆ ಕಾಸರಗೋಡಿನ ಹುಲ್ಲಿನಲ್ಲಿ ಕುಪ್ಪಳಿಸುವ ಬುಷ್‌ಬ್ರೌನ್ ಎಂಬ ಕಂದು ಬಡಪಾಯಿಯನ್ನು ಕೇಳುವವರಿಲ್ಲ. ಗಡಿನಾಡ ಕನ್ನಡಿಗರಾದ ನಮಗೆ ಅದರ ಸಂಕಟ ವಿವರಿಸಿ ಹೇಳಬೇಕಾಗಿಲ್ಲ.

ಬುಷ್‌ಬ್ರೌನ್ ಸೇರಿರುವ ಸ್ಯಾಟರ್ ಎಂಬ ಚಿಟ್ಟೆ ಬಳಗದ್ದೇ ಆದ ನಿಯೋನಿಂಫಾ ಕುಲದವರು ಅಮೆರಿಕದಲ್ಲಿದ್ದಾರೆ. (ಸ್ಯಾಟರ್ ಎಂದರೆ ಗ್ರೀಕ್ ಪುರಾಣದ ಅರೆಮೇಕೆ ರೂಪದ ಕುಡುಕ ವನವಾಸಿ, ರೆಕ್ಕೆ ಬಂದ ಮೇಲೆ ಕೆಲವೇ ದಿನ ಬದುಕುವ ಈ ಚಿಟ್ಟೆಗೆ ಕುಡಿಯಲು ಪುರುಸೊತ್ತಾದರೂ ಎಲ್ಲಿದೆ?) ಆ ಕುಲದ ಮಿಚೆಲ್ಸ್ ಸ್ಯಾಟರ್ 1992ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಅದರ ಉಪಪ್ರಭೇದವಾದ ಸೇಂಟ್ ಫ್ರಾನ್ಸಿಸ್ ಸ್ಯಾಟರನ್ನು 1994ರಲ್ಲಿ ತುರ್ತಾಗಿ ಪಟ್ಟಿಗೆ ಸೇರಿಸಬೇಕಾಯಿತು. ಈ ಸಂತ ನಾಮಧಾರಿ ನೆಲೆಸಿರುವುದು ನಾರ್ತ್ ಕ್ಯಾರೊಲಿನಾದ ಫೋರ್ಟ್ ಬ್ರಾಗ್ ಸೇನಾನೆಲೆಯಲ್ಲಿ, ಅದರಲ್ಲೂ ಫಿರಂಗಿ ಗುಂಡುಗಳು ಬೀಳುವ ಬಯಲಿನಲ್ಲಿ. ಗುಂಡು ಬಿದ್ದು ಕಿಡಿ ಹೊತ್ತಿದರೆ ಪೊದೆಗಳು ಸುಡುತ್ತವೆ, ಮರ ಕಡಿದು ಒಡ್ಡು ಕಟ್ಟುವ ದಂಶಕ ಪ್ರಾಣಿಗಳಾದ ಬೀವರ್‌ಗಳು ತೊರೆಯನ್ನು ತಡೆದರೆ ಜೌಗು ಹುಟ್ಟುತ್ತದೆ, ಮರಗಳ ನೆರಳು ಸರಿದ ಆ ಜೌಗಿನಲ್ಲಿ ಚಿಟ್ಟೆಯ ಮರಿಹುಳು ತಿನ್ನುವ ಜೊಂಡು ಚಿಗುರುತ್ತದೆ. ಸಂರಕ್ಷಿಸುತ್ತೇವೆಂದು ವಿಜ್ಞಾನಿಗಳು ಬೆಂಕಿಯನ್ನೂ ನೆರೆಯನ್ನೂ ದೂರವಿಟ್ಟ ಕಡೆ ಚಿಟ್ಟೆ ಕ್ಷೀಣಿಸಿತು. ಕೊನೆಗೆ ಅವರೇ ಮರ ಕಡಿದು, ತೊರೆಗೆ ತಡೆಯೊಡ್ಡಿ, ಬೀವರ್‌ಗಳ ಕೆಲಸಕ್ಕೆ ಇಳಿಯಬೇಕಾಯಿತು.

ಇದನ್ನೋದಿದ ಮೇಲೆ ನಮ್ಮ ಪದವಿಗೂ (ಪದವು ಎಂದರೆ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಎತ್ತರದ ಬಯಲು) ಒಂದು ಫಿರಂಗಿ ಬೇಕೆಂದು ಅರ್ಜಿ ಬರೆಯಲು ಕುಳಿತೆ. ಮಳೆಗಾಲದಲ್ಲಿ ನೀರು ನಿಂತು ಹೂ ಬಿಡುವ ಮುರಕಲ್ಲಿನ ಹಾಸು ಕಡತದಲ್ಲಿ ಪಾಳುಭೂಮಿ. ಆದ್ದರಿಂದ ಅದನ್ನು ಕಡಿದು ಲಾರಿಗೆ ತುಂಬಿದರೆ ಅಭಿವೃದ್ಧಿ, ಸಮತಟ್ಟು ಮಾಡಿ ನಿವೇಶನ ಹಂಚಿದರೆ ಮಹಾ ಅಭಿವೃದ್ಧಿ. ಗುಂಡು ಬೀಳುವ ಜಾಗಕ್ಕಾದರೆ ಜೇಸಿಬಿ ಬರುವುದಿಲ್ಲ, ಉದ್ಘಾಟನೆಗೆ ಮಂತ್ರಿಗಳು ಬರುವುದಿಲ್ಲ, ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುವ ಧೈರ್ಯವೂ ಯಾರಿಗೂ ಇರುವುದಿಲ್ಲ.

ಅರ್ಜಿ ನೋಡಿದ ಗುಮಾಸ್ತರು ಕನ್ನಡಕ ಏರಿಸಿ, "ಆಕಾಶದಿಂದ ಬೀಳುವ ವಸ್ತುಗಳ ಬಗ್ಗೆ ಜಿಲ್ಲೆಗೆ ಪೂರ್ವಾನುಭವವಿದೆಯೇ ಸ್ವಾಮಿ?" ಎಂದು ಕೇಳಿದರು. ಇದೆ ಎಂದೆ. ಗೇರುತೋಟಗಳ ಸೊಳ್ಳೆಕೀಟವನ್ನು ಕೊಲ್ಲಲೆಂದು ಸುಮಾರು ಎರಡು ದಶಕ ಕಾಲ ಹೆಲಿಕಾಪ್ಟರುಗಳು ಎಣ್ಮಕಜೆಯಂಥ ಊರುಗಳ ಮೇಲೆ ಎಂಡೋಸಲ್ಫಾನ್ ಸುರಿದಿವೆ. "ಅದು ಕೃಷಿ ಇಲಾಖೆಗೆ ಬರುತ್ತದೆ" ಎಂದವರು ಅರ್ಜಿಯನ್ನು ಪಕ್ಕದ ಮೇಜಿಗೆ ಸರಿಸಿದರು.