ಆಪ್ ಬ್ಯಾನ್ ಆಯ್ತಾ? ಮೊದ್ಲು ಕರೆಂಟ್ ಬರ್ಲಿ ಮಾರಾಯ್ರೆ

ಟೀವಿ ಹಾಕಿದ್ರೆ ಸಾಕು, ಒಂದಲ್ಲ ಒಂದು ಚಾನೆಲ್ಲಲ್ಲಿ ಇದೇ ಚರ್ಚೆ, ಸೋಷಿಯಲ್ ಮೀಡಿಯಾ ಆಪ್ ಬ್ಯಾನ್ ಮಾಡಿದ್ರೆ ಜನ ಸುಮ್ನಿರ್ತಾರಾ, ವಿಪಿಎನ್ (ಫೋನು ಬೇರೆ ದೇಶದಲ್ಲಿರೋ ಹಂಗೆ ತೋರಿಸೋ ಆಪು) ಹಾಕ್ಕೊಂಡು ಕದ್ದು ನೋಡಲ್ವಾ ಅಂತ. ಆರು ಜನ ತಜ್ಞರು ಆರು ಚೌಕದಲ್ಲಿ ಕೂತು ಒಟ್ಟಿಗೇ ಕೂಗ್ತಾರೆ. ಅವ್ರಲ್ಲಿ ಒಬ್ರಾದ್ರೂ ಮಲೆನಾಡಲ್ಲಿ ಹೊಸನಗರದ ಕಡೆಗಿರೋ ನಮ್ಮತ್ತೆಗೆ ಒಂದು ಫೋನ್ ಹಾಕಿ ಕೇಳಿದ್ರೆ ಅರ್ಧ ನಿಮಿಷದಲ್ಲಿ ಚರ್ಚೆ ಮುಗೀತಿತ್ತು, ಆದ್ರೆ ಫೋನ್ ತಾಗ್ಬೇಕು ಅಂದ್ರೆ ಅತ್ತೆ ಆ ಹೊತ್ತಿಗೆ ಸರಿಯಾಗಿ ಕೊಟ್ಟಿಗೆ ಹಿಂದಿನ ಧರೆ (ಮಣ್ಣಿನ ದಿಬ್ಬ) ಮೇಲಿರ್ಬೇಕು, ಎರಡು ಕಡ್ಡಿ ರೇಂಜ್ ಬರೋದು ಅಲ್ಲೊಂದೇ ಕಡೆ.

ಕಥೆ ಶುರುವಾಗೋದು 2020ರ ಜೂನಲ್ಲಿ. ಆ ತಿಂಗಳ ಮೊದಲ ವಾರ ಎಲ್ರ ಫೋನಲ್ಲೂ 'ರಿಮೂವ್ ಚೈನಾ ಆಪ್ಸ್' ಅನ್ನೋ ಆಪ್ ಓಡಾಡ್ತಿತ್ತು, ಚೀನಾ ಆಪ್ ಹುಡುಕಿ ತೆಗೆಯೋ ಆಪು. ಗೂಗಲ್‌ನವ್ರು ಅದನ್ನೇ ಪ್ಲೇಸ್ಟೋರಿಂದ ರಿಮೂವ್ ಮಾಡಿದ್ರು, ಚೀನಾದ್ದೇ ಆದ ಟಿಕ್‌ಟಾಕ್ ಮಾತ್ರ ಅಲ್ಲೇ ನಗ್ತಾ ಕೂತಿತ್ತು. ಆಮೇಲೆ ಜೂನ್ 29ಕ್ಕೆ ಸರ್ಕಾರ ಆಪ್ ತಡೆಯೋ ಅಧಿಕಾರ ಕೊಡೋ ಐಟಿ ಕಾಯ್ದೆಯ 69ಎ ಸೆಕ್ಷನ್ ಹಿಡ್ಕೊಂಡು ಒಂದೇ ಏಟಿಗೆ 59 ಚೀನಾ ಆಪ್ ಬಂದ್ ಮಾಡ್ತು, ಟಿಕ್‌ಟಾಕೂ ಹೋಯ್ತು.

ಅತ್ತೆಗೆ ಆವಾಗ ನಾಕು ಸಾವಿರ ಫಾಲೋವರ್ಸು. ಹಲಸಿನ ಹಪ್ಪಳ ಒತ್ತೋದು, ಕಳಲೆ ಹೆಚ್ಚೋದು, ದನಕ್ಕೆ ಬೈಯೋದು, ಇಷ್ಟೇ ವಿಡಿಯೋ. ದನಕ್ಕೆ ಬೈದಿದ್ದೇ ಹೆಚ್ಚು ಓಡಿದ್ದು ಅನ್ನೋದು ಬೇರೆ ಮಾತು. ಬೆಂಗಳೂರಿಂದ ವರ್ಕ್ ಫ್ರಮ್ ಹೋಮ್ ಅಂತ ಬಂದು ದಿನಾ ಧರೆ ಮೇಲೆ ಛತ್ರಿ ಹಿಡ್ಕೊಂಡು ಮೀಟಿಂಗ್ ಮಾಡ್ತಿದ್ದ ನನ್ನತ್ರ ಬಂದು, "ನೀ ಕಂಪ್ಯೂಟರ್ ಓದಿದವ ಅಲ್ದಾ, ಇದ್ಕೊಂದು ದಾರಿ ಮಾಡು" ಅಂದ್ರು. ನಂಗೂ ಹುಮ್ಮಸ್ಸು ಬಂತು. ವಿಪಿಎನ್ ಡೌನ್‌ಲೋಡ್ ಆಗೋಕೆ ಮುಕ್ಕಾಲು ಗಂಟೆ, ಓಪನ್ ಆದ್ಮೇಲೆ ಎರಡು ಜಾಹೀರಾತು, ಕೊನೆಗೆ ಸಿಂಗಾಪುರದ ಬಾವುಟ ಹತ್ಕೊಳ್ತು. ಅತ್ತೆ ಫೋನು ಸಿಂಗಾಪುರದಲ್ಲಿ, ಅತ್ತೆ ಧರೆ ಮೇಲೆ ಕಾಲಿಗೆ ಹತ್ತಿದ ಉಂಬಳ ಕೀಳ್ತಾ ಕೂತಿದಾರೆ. ಟಿಕ್‌ಟಾಕ್ ತೆಗೆದ್ರೆ ಅದೇ ನೋಟೀಸು, ಸರ್ಕಾರದ ಆದೇಶ ಪಾಲಿಸ್ತಿದ್ದೀವಿ ಅಂತ.

ಆಮೇಲೆ ಗೊತ್ತಾಯ್ತು, ಅದು ನೀವು ಯಾವ ದೇಶದಿಂದ ಬಂದ್ರಿ ಅಂತ ಮಾತ್ರ ನೋಡಲ್ಲ, ಫೋನಲ್ಲಿರೋ ಸಿಮ್ಮು ಯಾವ ದೇಶದ್ದು ಅಂತಾನೂ ನೋಡುತ್ತೆ. "ಅತ್ತೆ, ಸಿಮ್ ತೆಗೀಬೇಕು" ಅಂದೆ.

"ಸಿಮ್ ತೆಗೆದ್ರೆ ನಿಮ್ಮಾವ ಫೋನ್ ಮಾಡಿದ್ರೆ ಎಂತ ಮಾಡದು? ತೋಟದಲ್ಲಿ ಔಷಧಿ ಹೊಡಿಸ್ತಿದಾರೆ, ಮೈಲುತುತ್ತ ಖಾಲಿಯಾದ್ರೆ ಯಾರಿಗೆ ಹೇಳ್ತಾರೆ?"

"ಸಿಮ್ ಇಲ್ದೇ ಇದ್ರೆ ವೈಫೈ ಬೇಕಾಗುತ್ತೆ."

"ಅದೆಲ್ಲಿದೆ?"

"ಶಿವಮೊಗ್ಗದಲ್ಲಿ."

ಅತ್ತೆ ಫೋನ್ ಇಸ್ಕೊಂಡು ಎದ್ದು ಹೋದ್ರು. ಭಾರತದಲ್ಲಿ ಬ್ಯಾನ್ ಯಶಸ್ವಿ ಆಗಿದ್ದು ಹೀಗೆ. ಜುಲೈ 8ಕ್ಕೆ ಇನ್‌ಸ್ಟಾಗ್ರಾಮ್‌ನವ್ರು ರೀಲ್ಸ್ ತಂದ್ರು ನೋಡಿ, ಒಂಬತ್ತೇ ದಿನಕ್ಕೆ, ತಿಥಿ ಊಟಕ್ಕೂ ಕಾಯ್ಲಿಲ್ಲ, ಅತ್ತೆ ಅದೇ ದನಕ್ಕೆ ಅದೇ ಬೈಗುಳ ಅಲ್ಲಿ ಬೈಯೋಕೆ ಶುರು ಮಾಡಿದ್ರು.

ತಜ್ಞರಿಗೆ ಅರ್ಥ ಆಗದೇ ಇರೋದು ಇದೇ. ನಮ್ಮಲ್ಲಿ ಬ್ಯಾನ್ ತಪ್ಪಿಸ್ಕೊಳ್ಳೋ ಕಷ್ಟ ಜನ ಯಾಕೆ ತಗೋಬೇಕು, ಆಪೇ ತಗೊಳುತ್ತೆ. ಪಬ್‌ಜಿ ಗೇಮು 2020ರ ಸೆಪ್ಟೆಂಬರಲ್ಲಿ ಹೋಯ್ತು, ಮುಂದಿನ ಜುಲೈಗೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅಂತ ಹೆಸರಲ್ಲೇ ದೇಶಭಕ್ತಿ ಅಂಟಿಸ್ಕೊಂಡು ಬಂತು. 2022ರ ಫೆಬ್ರವರಿಲಿ ಫ್ರೀ ಫೈರ್ ಗೇಮ್ ಬ್ಯಾನ್ ಆದಾಗ ಹುಡುಗ್ರು ಅಳ್ಲೇ ಇಲ್ಲ, ಪಕ್ಕದಲ್ಲೇ ಫ್ರೀ ಫೈರ್ ಮ್ಯಾಕ್ಸ್ ಇತ್ತಲ್ಲ. ಸಾರಾಯಿ ಅಂಗಡಿ ಮುಚ್ಚಿಸಿ ಅದರ ಹಿಂಬಾಗಿಲು ಮರೆತಂಗೆ.

ಅದೇ 2022ರಲ್ಲಿ ವಿಪಿಎನ್ ಕಂಪನಿಗಳಿಗೆ ಇನ್ನೊಂದು ಆರ್ಡರ್ ಬಂತು, ಗಿರಾಕಿಗಳ ಹೆಸ್ರು ವಿಳಾಸ ಎಲ್ಲ ಐದು ವರ್ಷ ಬರೆದಿಡಿ ಅಂತ. ಹೆಸ್ರು ಮುಚ್ಚಿಡೋಕೆ ಅಂತಲೇ ಇರೋ ಅಂಗಡಿಗೆ ಹೆಸ್ರು ಬರೆದಿಡು ಅಂದ್ರೆ ಏನ್ ಮಾಡ್ತಾರೆ, ಕೆಲವ್ರು ಸರ್ವರ್ ಕಿತ್ಕೊಂಡು ಹೋಗಿ ಹೊರದೇಶದಲ್ಲಿ ಇಂಡಿಯಾ ಅಂತ ಬೋರ್ಡ್ ಹಾಕ್ಕೊಂಡ್ರು.

ಅಮೆರಿಕದವ್ರೂ ನಮ್ಮಂಗೇ ಬಿಡಿ. ಟಿಕ್‌ಟಾಕ್ ಮಾರಿ ಇಲ್ಲಾ ಮುಚ್ಚಿ ಅನ್ನೋ ಕಾನೂನನ್ನ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿ ಹಿಡಿದ ಮೇಲೆ 2025ರ ಜನವರಿ 18ರ ರಾತ್ರಿ ಟಿಕ್‌ಟಾಕ್ ಬಂದ್ ಆಯ್ತು, ಮಾರನೇ ದಿನವೇ ವಾಪಸ್. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಇದಕ್ಕಿಂತ ಜಾಸ್ತಿ ಹೊತ್ತಾಗುತ್ತೆ. ಅಷ್ಟರೊಳಗೆ ಅಲ್ಲಿನ ಜನ ಚೀನಾ ಆಪ್ ಹೋಗುತ್ತೆ ಅಂತ ಸಿಟ್ಟಲ್ಲಿ ರೆಡ್‌ನೋಟ್ ಹಾಕ್ಕೊಂಡಿದ್ರು, ಅದು ಇನ್ನೊಂದು ಚೀನಾ ಆಪು. ನೇಪಾಳದ್ದು ಬೇರೆ, ಅಲ್ಲಿ 2025ರ ಸೆಪ್ಟೆಂಬರಲ್ಲಿ 26 ಆಪ್ ಬಂದ್ ಮಾಡಿದ ಸರ್ಕಾರ ವಾರದೊಳಗೆ ಬಿತ್ತು, ಜೀವಗಳೂ ಹೋದ್ವು, ಅದರ ಮೇಲೆ ತಮಾಷೆ ಮಾಡೋ ಮನಸ್ಸಿಲ್ಲ.

ನಮ್ಮ ಮಲೆನಾಡಲ್ಲಿ ನೆಟ್ವರ್ಕ್ ಕೊಡ್ದಿದ್ರೆ ಓಟಿಲ್ಲ ಅಂತ ಬೋರ್ಡ್ ಹಾಕಿದ ಊರುಗಳಿದಾವೆ. ಇಂಥಲ್ಲಿಗೆ ಬಂದು ಬ್ಯಾನ್ ಮಾಡ್ತೀವಿ ಅಂತ ಹೆದರಿಸ್ತಾರಲ್ಲ, ಅನ್ನ ಇಲ್ದವನಿಗೆ ಏಕಾದಶಿ ಉಪವಾಸ ಮಾಡು ಅಂದಂಗೆ.

2025ರ ಆಗಸ್ಟಲ್ಲಿ ಟಿಕ್‌ಟಾಕ್ ವೆಬ್‌ಸೈಟ್ ಕೆಲವ್ರಿಗೆ ಓಪನ್ ಆಗಿ, ವಾಪಸ್ ಬಂತಂತೆ ಅಂತ ಸುದ್ದಿ ಹಬ್ಬಿ, ಸರ್ಕಾರ ಇಲ್ಲ ಇಲ್ಲ ಬ್ಯಾನ್ ತೆಗೆದಿಲ್ಲ ಅಂತು. ಆ ಸುದ್ದಿ ಅತ್ತೆಗೆ ಮುಟ್ಟಿದ್ದು ಮೂರು ದಿನ ಬಿಟ್ಟು, ಲೈನ್ ಮೇಲೆ ಮರ ಬಿದ್ದು ಕರೆಂಟ್ ಇರ್ಲಿಲ್ಲ. ಧರೆ ಹತ್ತಿ ನಂಗೆ ಫೋನ್ ಮಾಡಿದ್ರು.

"ವಾಪಸ್ ಬಂದ್ರೆ ನನ್ನ ನಾಕು ಸಾವಿರ ಜನ ಹಾಗೇ ಇರ್ತಾರನಾ?"

"ಇರ್ಬೋದು ಅತ್ತೆ. ಪಾಸ್‌ವರ್ಡ್ ನೆನಪಿದ್ಯಾ?"

"ನಿಮ್ಮಾವನ ಹುಟ್ಟಿದ ತಾರೀಕು."

"ಯಾವತ್ತು ಅದು?"

ಸ್ವಲ್ಪ ಹೊತ್ತು ಬರೀ ಮಳೆ ಸದ್ದು ಕೇಳ್ತು. "ತಡಿ, ಅವ್ರನ್ನೇ ಕೇಳ್ತೀನಿ" ಅಂತ ಧರೆ ಇಳಿದ್ರು, ಫೋನ್ ಕಟ್ಟಾಯ್ತು.