ಶಾಂಪೇನ್ ನೆಲಮಾಳಿಗೆಯಲ್ಲಿ ಸೋಡಾ ಮಾವ

ನಮ್ಮ ಮಾವನವರು ಅರಸೀಕೆರೆಯಲ್ಲಿ ಮೂವತ್ತು ವರ್ಷ ಗೋಲಿ ಸೋಡಾ ಮಾಡಿದವರು. ಕಳೆದ ಜುಲೈನಲ್ಲಿ ಪ್ಯಾರಿಸ್ಸಿನ ನಮ್ಮ ಮನೆಗೆ ಬಂದಿದ್ದರು. ಐಫೆಲ್ ಟವರ್ ನೋಡಿ, "ಕರೆಂಟ್ ಕಂಬ ಚೆನ್ನಾಗಿ ನಿಲ್ಸವ್ರೆ" ಎಂದರು. ಲೂವ್ರ್ ಮ್ಯೂಸಿಯಮ್ಮಿನಲ್ಲಿ ಬೆಂಚು ಹುಡುಕಿ ನಿದ್ದೆ ಮಾಡಿದರು. ಆದರೆ ಶಾಂಪೇನ್ ಅಂದರೆ ಗ್ಯಾಸ್ ಇರುವ ವೈನ್ ಎಂದು ನನ್ನ ಹೆಂಡತಿ ಹೇಳಿದ್ದೇ ತಡ, ಎದ್ದು ಕೂತರು.

"ಗ್ಯಾಸ್ ಹೆಂಗೆ ತುಂಬ್ತಾರಂತೆ?"

ಹೀಗೆ, ಜೀವಮಾನದಲ್ಲಿ ಹೆಂಡದ ವಾಸನೆಯನ್ನೂ ನೋಡದ ಮಾವನನ್ನು ಶಾಂಪೇನ್ ಸೀಮೆಯ ರೈಲು ಹತ್ತಿಸಿದೆ. ಪ್ಯಾರಿಸ್ಸಿನಿಂದ ಮುಕ್ಕಾಲು ಗಂಟೆ. ಊರಿನ ಹೆಸರನ್ನು ನಾನು ಇಲ್ಲಿಗೆ ಬಂದ ಹೊಸದರಲ್ಲಿ ಬರೆದ ಹಾಗೇ 'ರೀಮ್ಸ್' ಎನ್ನುತ್ತಿದ್ದೆ, ಯಾರಿಗೂ ತಿಳಿಯುತ್ತಿರಲಿಲ್ಲ. ಮೂಗಿನೊಳಗೆ 'ರ‍್ಯಾಂಸ್' ಎನ್ನಬೇಕು. ಮಾವ ಮೊದಲ ಸಲಕ್ಕೇ ಸರಿಯಾಗಿ ಅಂದರು. ಅವತ್ತು ಅವರಿಗೆ ನೆಗಡಿಯಾಗಿತ್ತು.

ಅದೇ ನೆಗಡಿಯ ನೆಪದಲ್ಲಿ, ಬೆಂಕಿಯಂಥ ಬಿಸಿಲಿನಲ್ಲೂ ಸ್ವೆಟರ್ ಹಾಕಿ, ಕುತ್ತಿಗೆಗೆ ಮಫ್ಲರ್ ಸುತ್ತಿ, ತಲೆಗೆ ಮಂಕಿ ಕ್ಯಾಪ್ ಏರಿಸಿದ್ದರು. ನಾನು ತೆಳ್ಳನೆ ಟೀ ಶರ್ಟಿನಲ್ಲಿದ್ದೆ. ನಿಜ ಹೇಳಬೇಕೆಂದರೆ, ಅವರಿಂದ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದೆ.

ನಾವು ಹೋದದ್ದು ಒಂದೇ ಮನೆತನ ಆರು ತಲೆಮಾರಿನಿಂದ ನಡೆಸುತ್ತಿರುವ ಹಳೇ ಕಂಪನಿಗೆ. ಗೈಡ್ ಹುಡುಗಿ ಇದನ್ನು ಹೆಮ್ಮೆಯಿಂದ ಹೇಳಿದಳು. ನಾನು ಕನ್ನಡಕ್ಕೆ ತಿರುಗಿಸಿದೆ. ಮಾವನಿಗೆ ನಂಬಿಕೆ ಬರಲಿಲ್ಲ.

"ಆರು ತಲೆಮಾರು ಪಾಲಾಗ್ಲಿಲ್ವಾ? ಕೇಳಿ."

ಕೇಳಿದೆ. ಅವಳು ನಕ್ಕು ಮುಂದಕ್ಕೆ ಹೋದಳು. ಮಾವನ ಫ್ಯಾಕ್ಟರಿ ಒಂದೇ ತಲೆಮಾರಿನಲ್ಲಿ ಪಾಲಾಗಿತ್ತು. ಮಿಷನ್ ಅಣ್ಣನಿಗೆ, ಬಾಟಲಿ ತಮ್ಮನಿಗೆ. ಎರಡು ವರ್ಷ ಇಬ್ಬರೂ ಸೋಡಾ ಮಾಡಲಿಲ್ಲ.

ಮೆಟ್ಟಿಲು ಇಳಿದೆವು, ಇಳಿದೆವು, ನೂರರ ಮೇಲೆ ಎಣಿಸುವುದು ಬಿಟ್ಟೆ. ರೋಮನ್ನರ ಕಾಲದಲ್ಲಿ ಕಟ್ಟಡದ ಕಲ್ಲಿಗಾಗಿ ತೋಡಿದ ಸುಣ್ಣಕಲ್ಲಿನ ಗುಂಡಿಗಳವು. ಬಾಯಿ ಕಿರಿದು, ತಳ ಅಗಲ. ಮೊದಲ ಮಹಾಯುದ್ಧದಲ್ಲಿ ಮೇಲೆ ಬಾಂಬು ಬೀಳುತ್ತಿದ್ದಾಗ ಊರ ಜನ ಇಂಥ ನೆಲಮಾಳಿಗೆಗಳಲ್ಲೇ ಸಂಸಾರ ಮಾಡಿದ್ದರಂತೆ, ಮಕ್ಕಳಿಗೆ ಶಾಲೆಯೂ ಇಲ್ಲೇ ನಡೆದಿತ್ತಂತೆ. ಹೇಗೆ ಬದುಕಿದರೋ! ನನಗೆ ಹತ್ತೇ ನಿಮಿಷಕ್ಕೆ ಹಲ್ಲು ಕಟಕಟ ಅನ್ನತೊಡಗಿತು. ಒಳಗೆ ವರ್ಷವಿಡೀ 10ರಿಂದ 12 ಡಿಗ್ರಿ. ಒರಗೋಣವೆಂದು ಗೋಡೆಗೆ ಬೆನ್ನು ಕೊಟ್ಟೆ, ಕಪ್ಪು ಟೀ ಶರ್ಟಿಗೆ ವಿಭೂತಿ ಬಳಿದಂತಾಯಿತು. ಮಾವ ಮಾತ್ರ ಮಂಕಿ ಕ್ಯಾಪಿನ ಕಿಂಡಿಯಿಂದ ಬೆಚ್ಚಗೆ ನೋಡುತ್ತಿದ್ದರು.

ಗ್ಯಾಸಿನ ಗುಟ್ಟು ಗೊತ್ತಾದಾಗ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಇಲ್ಲಿ ಯಾರೂ ಗ್ಯಾಸ್ ತುಂಬುವುದಿಲ್ಲ. ವೈನಿಗೆ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯ ಬಾಯಿ ಮುಚ್ಚಿಬಿಡುತ್ತಾರೆ. ಒಳಗೆ ಮತ್ತೆ ಹುಳಿಯೆದ್ದು ಗ್ಯಾಸ್ ತಾನೇ ಹುಟ್ಟುತ್ತದೆ. ಆಮೇಲೆ ಕಡಿಮೆಯೆಂದರೂ 15 ತಿಂಗಳು ಕಾಯಬೇಕು.

"ಹದಿನೈದು ತಿಂಗ್ಳು! ನಾನು ಅಷ್ಟರಲ್ಲಿ ಇಡೀ ಜಿಲ್ಲೆಗೆ ಸೋಡಾ ಕುಡಿಸ್ತಿದ್ದೆ."

ಮುಂದೆ ತೂತು ಕೊರೆದ ಇಳಿಜಾರು ಹಲಗೆಗಳು. ಅದರಲ್ಲಿ ಬಾಟಲಿಗಳು ಕತ್ತು ಕೆಳಗೆ ಮಾಡಿ ಸಿಕ್ಕಿಕೊಂಡಿದ್ದವು. ದಿನಾ ಒಂದಿಷ್ಟು ತಿರುಗಿಸುತ್ತಾ ಹೋದರೆ ಗಸಿಯೆಲ್ಲ ಬಾಯಿಗೆ ಬಂದು ಕೂರುತ್ತದೆ. ಆಮೇಲೆ ಕತ್ತನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿ ಹಾರಿ ಹೋಗುತ್ತದೆ. ಈಗ ಬಹಳ ಕಡೆ ಈ ತಿರುಗಿಸುವ ಕೆಲಸಕ್ಕೆ ಮಿಷನ್ ಬಂದಿದೆ.

"ನಮ್ಮ ಗೋಲಿ ಸೋಡಾನೂ ತಲೆಕೆಳಗೆ ಮಾಡೇ ತುಂಬೋದು. ನಮ್ಮವ್ರನ್ನೇ ನೋಡಿ ಕಲಿತವ್ರೆ" ಎಂದರು ಮಾವ. ಗೋಲಿ ಬಾಟಲಿಯೇ ಇಂಗ್ಲೆಂಡಿನವರದ್ದು, 1872ರ ಪೇಟೆಂಟು ಎಂದು ಹೇಳಬಹುದಿತ್ತು. ಹೆಣ್ಣು ಕೊಟ್ಟ ಮಾವ, ಸುಮ್ನಿದ್ದೆ.

ಆಗಲೇ ನನ್ನ ನಡುಗುವ ಮೊಣಕೈ ಒಂದು ಬಾಟಲಿಗೆ ತಗುಲಿ 'ಟಣ್' ಎಂದಿತು.

ಅಷ್ಟೇ. ಮಾವ "ಅಳಿಯಂದ್ರೇ, ಹಿಂದಕ್ಕೆ!" ಎಂದು ಕೂಗಿ, ನನ್ನ ಕಾಲರ್ ಹಿಡಿದು ಎಳೆದು, ಮುಖಕ್ಕೆ ಮಫ್ಲರ್ ಅಡ್ಡ ಹಿಡಿದು ಕುಕ್ಕರಗಾಲಿನಲ್ಲಿ ಕೂತೇಬಿಟ್ಟರು. ಕನ್ನಡ ಬಾರದಿದ್ದರೂ ನಮ್ಮ ಗುಂಪಿನ ಎಂಟು ಜನ ಜರ್ಮನ್ನರೂ ದಬದಬ ಕೂತರು. ಯಾವ ಬಾಟಲಿಯೂ ಸಿಡಿಯಲಿಲ್ಲ. ಮಾವ ಎದ್ದು, ಸ್ವೆಟರಿನ ತೋಳು ಮಡಚಿ, ಸೋಡಾ ಬಾಟಲಿ ಸಿಡಿದ ಗಾಯದ ಗೆರೆ ತೋರಿಸಿದರು.

ಗೈಡ್ ಮುಖ ಅರಳಿತು. ಹಿಂದೆ ಇಲ್ಲೂ ಒಂದು ಸಿಡಿದರೆ ಪಕ್ಕದ್ದು, ಅದರ ಪಕ್ಕದ್ದು ಸಿಡಿಯುತ್ತಿತ್ತಂತೆ. ಕೆಲಸಗಾರರು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡೇ ಇಳಿಯುತ್ತಿದ್ದರಂತೆ. ಒಳಗಿನ ಒತ್ತಡ ಕಾರಿನ ಟೈರಿನ ಎರಡು ಪಟ್ಟಿಗೂ ಜಾಸ್ತಿ. ಅಲ್ಲಿಂದ ಮುಂದೆ ಅವಳು ನನ್ನನ್ನು ಬಿಟ್ಟು ಮಾವನ ಜೊತೆಯೇ ನಡೆದಳು. ಮಾವ ಹೋಗುವಾಗ ಮಂಕಿ ಕ್ಯಾಪ್ ತೆಗೆದು ನನ್ನ ಕೈಗಿತ್ತರು. ಮರು ಮಾತಾಡದೆ ಹಾಕಿಕೊಂಡೆ.

ಮೇಲೆ ಬಂದ ಮೇಲೆ ರುಚಿ ನೋಡುವ ಶಾಸ್ತ್ರ. ಮಾವ ಗ್ಲಾಸನ್ನು ಬಾಯಿಗಲ್ಲ, ಕಿವಿಗಿಟ್ಟುಕೊಂಡರು. ಚುರುಚುರು ಸದ್ದನ್ನು ಬಹಳ ಹೊತ್ತು ಕೇಳಿ, "ಗ್ಯಾಸ್ ಪಸಂದಾಗಿದೆ" ಎಂದು ಗ್ಲಾಸನ್ನು ನನಗೆ ದಾಟಿಸಿದರು.

ಒಂದು ಬಾಟಲಿ ಕೊಂಡು ತಂದೆ. ಬಿರಡೆ ಹಿಡಿದು ಬಾಟಲಿ ತಿರುಗಿಸಿ, ಉಸಿರು ಬಿಟ್ಟಷ್ಟೇ ಸದ್ದಾಗಬೇಕು ಎಂದು ಗೈಡ್ ಹೇಳಿದ್ದಳು. ನಾನು ರೈಲಿನಲ್ಲಿ ಕುಲುಕಿ, ಬಿಸಿಲಲ್ಲಿ ಕಾಯಿಸಿ ತಂದ ಬಾಟಲಿಯ ತಂತಿ ಬಿಚ್ಚಿದೆ, ಅಷ್ಟೇ. ಬಿರಡೆ ಸೂರಿಗೆ ಬಡಿದು ಅತ್ತೆಯ ತಿಳಿಸಾರಿಗೆ ಬಿತ್ತು. ಅರ್ಧ ಶಾಂಪೇನ್ ಗೋಡೆ ಕುಡಿಯಿತು.

ಮಾವ ಬಾಟಲಿಯನ್ನು ತೊಳೆದು ಬೆಳಕಿಗೆ ಹಿಡಿದರು. ಇಂಥ ದಪ್ಪ ಗಾಜನ್ನು ಕಂಡಿರಲಿಲ್ಲವಂತೆ. ವಾಪಸ್ ಹೊರಡುವಾಗ ಪೆಟ್ಟಿಗೆ ತೂಕ ಜಾಸ್ತಿ ಬಂತು. ಮಗಳು ಕೊಡಿಸಿದ ಕೋಟು ಇಲ್ಲೇ ಉಳಿಯಿತು, ಬಾಟಲಿ ವಿಮಾನ ಹತ್ತಿತು. ಈಗ ಅದರಲ್ಲಿ ಕೊಬ್ಬರಿ ಎಣ್ಣೆ ಇದೆ. ಚಳಿಗೆ ಎಣ್ಣೆ ಗಟ್ಟಿಯಾದಾಗ ಬಾಟಲಿಯನ್ನು ಅಂಗಳದ ಬಿಸಿಲಿಗೆ ತಲೆಕೆಳಗಾಗಿ ಒರಗಿಸಿ, ಗಂಟೆಗೊಮ್ಮೆ ಹೋಗಿ ಕಾಲು ಸುತ್ತು ತಿರುಗಿಸಿ ಬರುತ್ತಾರಂತೆ.